ಭಾನುವಾರ ‘ದಿ ಸಬರ್ಬ್ಸ್’ ಕೇಳೋಣ

ಸ್ನೇಹಿತರೇ, ಭಾನುವಾರ ಸಂಜೆ 5ಕ್ಕೆ ಬಸವನಗುಡಿಯ ನಮ್ಮ ಮನೆ ಮಹಡಿಯಲ್ಲಿ ಸೇರೋಣ. ಈ ಸಲ ಕೆನಡಾದ ರಾಕ್ ತಂಡ ಆರ್ಕೇಡ್ ಫೈರ್‌ನ ಆಲ್ಬಮ್ ‘ದಿ ಸಬರ್ಬ್ಸ್’ (ಅಂದ್ರೆ ಊರಂಚಿನ ಬಡಾವಣೆಗಳು) ಕೇಳೋಣ. 2010ರಲ್ಲಿ ಅಮೆರಿಕದಲ್ಲಿ ಇದನ್ನು ತಂದದ್ದು ಮರ್ಜ್ ಎಂಬ ಸ್ವತಂತ್ರ ಸಂಗೀತ ಕಂಪನಿ. ವಿಮರ್ಶಕರು ತುಂಬಾ ಮೆಚ್ಚಿದರು, 2011ರಲ್ಲಿ ವರ್ಷದ ಆಲ್ಬಮ್ ಎಂದು ಗ್ರ್ಯಾಮಿಯೂ ಬಂತು.

ತಂಡದ ಗಾಯಕ ಅಮೆರಿಕದ ಹೂಸ್ಟನ್ ಅಂಚಿನ ಬಡಾವಣೆಯಲ್ಲಿ ಬೆಳೆದ ನೆನಪುಗಳು ಇದರಲ್ಲಿವೆ. ಕೆಂಗೇರಿ, ಯಲಹಂಕ ಕಡೆಯವರಿಗೆ ಇದು ಸೀದಾ ಮನಸ್ಸಿಗೆ ತಟ್ಟುತ್ತದೆ. ಹೊಲಗಳು ಸೈಟುಗಳಾದದ್ದನ್ನು ಕಣ್ಣಾರೆ ಕಂಡವರಲ್ವಾ ನಾವು?

16 ಹಾಡು, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ದಯವಿಟ್ಟು ಮಧ್ಯೆ ಎದ್ದು ಹೋಗಬೇಡಿ. ಮೊದಲ ಹಾಡಿನ ಧಾಟಿ ಕೊನೆಯಲ್ಲಿ ಮತ್ತೆ ಬರುತ್ತದೆ, ಪೂರ್ತಿ ಕೇಳಿದವರಿಗೇ ಅದರ ಸುಖ. ಫೋನು ಸೈಲೆಂಟ್‌ನಲ್ಲಿರಲಿ.

ಆಮೇಲೆ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್‌ನಿಂದ ಶರೀಫರ ಪದ ಹಾಕೋಣ. ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ, ಕಾಫಿಗೆ ಹಾಲು ತರಬೇಕು.