ಶನಿವಾರದ ಮತ್ಸುಮೊಟೊ ಪ್ರಯಾಣ: ಓದಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ. ಟೋಕಿಯೊದ ಶಿಂಜುಕು ನಿಲ್ದಾಣದಿಂದ ಮತ್ಸುಮೊಟೊ ಊರಿಗೆ ಅಜುಸಾ ರೈಲು, ಸುಮಾರು ಎರಡೂವರೆ ಗಂಟೆ. ಸೀಟು ಮೊದಲೇ ಕಾಯ್ದಿರಿಸಿ.

ನಾವು ನೋಡಲಿರುವ ಮತ್ಸುಮೊಟೊ ಕೋಟೆಯೊಳಗೆ ಚಪ್ಪಲಿ ಬಿಚ್ಚಿ ಚೀಲದಲ್ಲಿ ಹಿಡಿದುಕೊಳ್ಳಬೇಕು. ಮರದ ಮೆಟ್ಟಿಲು ಕೆಲವು ಕಡೆ 61 ಡಿಗ್ರಿ ಕಡಿದು, ಹೆಚ್ಚುಕಡಿಮೆ ಅಟ್ಟದ ಏಣಿಯೇ! ಸೀರೆ ಬೇಡ, ಮಂಡಿನೋವಿದ್ದವರು ಕೆಳಗೇ ಕಂದಕದ ಹಂಸಗಳನ್ನು ನೋಡುತ್ತಾ ಕೂರಬಹುದು. ಹೊರಗಿನಿಂದ ಐದೇ ಅಂತಸ್ತು ಕಂಡರೂ ಒಳಗೆ ಆರಿವೆ, ಒಂದು ಗುಟ್ಟಿನದು. 1590ರ ದಶಕದ ಈ ಕಪ್ಪು ಕೋಟೆಯನ್ನು 1872ರಲ್ಲಿ ಹರಾಜಿಗೇ ಇಟ್ಟಿದ್ದರಂತೆ. ಇಚಿಕಾವಾ ರ್‍ಯೋಜೋ ಎಂಬ ಸ್ಥಳೀಯರೊಬ್ಬರು ಓಡಾಡಿ ಉಳಿಸಿಕೊಂಡರು. ಇಲ್ಲದಿದ್ದರೆ ನಮಗೆ ನೋಡಲು ಕಂದಕವಷ್ಟೇ ಇರುತ್ತಿತ್ತು.

ಊರು ಸುಮಾರು 600 ಮೀಟರ್ ಎತ್ತರದಲ್ಲಿದೆ, ಸಂಜೆ ಚಳಿ. ಸ್ವೆಟರ್ ತನ್ನಿ. ಸೋಬಾ ನೂಡಲ್ಸ್‌ನ ಸಾರಿನಲ್ಲಿ ಮೀನಿರುತ್ತದೆ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಳ್ಳಿ. ಚಿತ್ರಾನ್ನ ನಾನು ತರುತ್ತೇನೆ.