ಮೊದಲು ವೀರಗಲ್ಲು ನೋಡಿ, ಆಮೇಲೆ ಪೆನ್ಸಿಲ್ ಹಿಡಿಯಿರಿ

ಮಾನ್ಯ ಸಂಪಾದಕರೇ,

ಇತಿಹಾಸ, ಜನಪದ ಆಧರಿಸಿ ಗ್ರಾಫಿಕ್ ಕಾದಂಬರಿ (ಚಿತ್ರಗಳಲ್ಲಿ ಹೇಳುವ ಕಾದಂಬರಿ) ಮಾಡುವವರಿಗೆ, ಹೋರಾಡಿ ಸತ್ತವರ ನೆನಪಿಗೆ ನೆಟ್ಟ ನಮ್ಮ ವೀರಗಲ್ಲುಗಳೇ ಸಿದ್ಧ ಪಾಠ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಯಾತ್ರೆ, ಮೇಲೆ ಶಿವಸನ್ನಿಧಿ. ಕಲ್ಲನ್ನು ಓದುವುದು ಕೆಳಗಿನಿಂದ, ಪುಟವನ್ನು ಮೇಲಿನಿಂದ. ಇದನ್ನು ಮರೆತು ಕಲ್ಲಿನಂತೆಯೇ ಚೌಕಟ್ಟು ಜೋಡಿಸಿದರೆ ವೀರ ಸತ್ತ ಮೇಲೆ ಯುದ್ಧಕ್ಕೆ ಹೊರಡುತ್ತಾನೆ!

10ನೇ ಶತಮಾನದ ಆತಕೂರು ಶಾಸನವನ್ನೇ ನೋಡಿ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧ, ಗಂಗ ಅರಸ ಬೂತುಗ ಮೆಚ್ಚಿ ತನ್ನ ವೀರ ಮಣಲೇರನಿಗೆ ಕೊಟ್ಟ ಕಾಳಿ ಎಂಬ ನಾಯಿ, ಅದು ಹಂದಿಯೊಡನೆ ಹೋರಾಡಿ ಸತ್ತದ್ದು. ಯುದ್ಧಕ್ಕೆ ಎರಡು ಪುಟ ಸಾಕು. ನಾಯಿ-ಹಂದಿ ಕಾಳಗಕ್ಕೆ ಎಂಟಾದರೂ ಬೇಕು, ಕಲ್ಲಿನಲ್ಲಿ ಕೆತ್ತಿರುವುದೂ ಅದನ್ನೇ. ಆ ಕಾಲದ ಅಡುಗೆಮನೆಯಲ್ಲಿ ಮೆಣಸಿನಕಾಯಿ, ಟೊಮೆಟೊ ಬೇಡ. ಪೋರ್ಚುಗೀಸರು ಬರುವ ಮುನ್ನ ಅವು ಇಲ್ಲಿರಲಿಲ್ಲ. ಹಾಗೆಯೇ 1336ರ ಹಂಪಿಯಲ್ಲಿ ಕಲ್ಲಿನ ರಥ ನಿಲ್ಲಿಸಬೇಡಿ, ಅದು ಬಂದದ್ದು ಬಹಳ ಕಾಲದ ನಂತರ.

ಹೆಚ್ಚು ಕೆಡುವುದು ಅಕ್ಷರಜೋಡಣೆ. ಪಾತ್ರಗಳ ಮಾತು ಬರೆಯುವ, ಇಂಗ್ಲಿಷ್ ಅಳತೆಯ ಗುಳ್ಳೆಯಲ್ಲಿ ಕನ್ನಡದ ಉದ್ದ ಪದಗಳು ತುಂಡಾಗುತ್ತವೆ, ಒತ್ತಕ್ಷರ ಕೆಳಸಾಲಿಗೆ ತಾಗುತ್ತದೆ. ಮೊದಲು ಮಾತು ಜೋಡಿಸಿ, ಸಾಲಂತರ ಅಕ್ಷರ ಗಾತ್ರದ ಒಂದೂವರೆ ಪಟ್ಟು ಇಟ್ಟು, ಆಮೇಲೆ ಗುಳ್ಳೆ ಬರೆಯಿರಿ. ಒಂದು ಗುಳ್ಳೆಗೆ ಹನ್ನೆರಡು ಪದ ಮೀರದಿರಲಿ. ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಯೂನಿಕೋಡ್ ಒತ್ತುಗಳು ಒಡೆಯುತ್ತವೆ.

– ಓದುಗ, ಮದ್ದೂರು