ಮಗಳಿಗೊಂದು ಪತ್ರ: ಸೇಬಿನ ಕಾಲಕ್ಕೆ ಒಂದೇ ಬಾಣಲೆಯ ಹಂದಿ ಮಾಂಸದ ಊಟ

ಪ್ರೀತಿಯ ಮಗಳೇ,

ನೀನಿರುವ ಅಮೆರಿಕದ ಮಿಷಿಗನ್‌ನಲ್ಲಿ ಈಗ ಸೇಬಿನ ಕಾಲ. ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮುಗಿಯುವವರೆಗೆ ಒಂದು ಜಾತಿಯ ಹಿಂದೆ ಇನ್ನೊಂದು ಹಣ್ಣಾಗುತ್ತಾ ಹೋಗುತ್ತದೆ. ಅಲ್ಲಿನ ಜನ ಈ ದಿನಗಳಲ್ಲಿ ಹಂದಿ ಮಾಂಸದ ಚಾಪ್ ಮತ್ತು ಸೇಬನ್ನು ಒಂದೇ ಬಾಣಲೆಯಲ್ಲಿ ಮಾಡಿ ರಾತ್ರಿಯೂಟ ಮುಗಿಸುತ್ತಾರಲ್ಲ, ಅದನ್ನು ಹೇಗೆ ಮಾಡುವುದು ಎಂದು ಕೇಳಿದ್ದೀಯ. ಇಬ್ಬರಿಗೆ ಆಗುವಷ್ಟು ಲೆಕ್ಕದಲ್ಲಿ ಪೂರ್ತಿ ಬರೆಯುತ್ತೇನೆ. ಉಪ್ಪು ಹಚ್ಚಿಡುವ ಸಮಯ ಬಿಟ್ಟರೆ ಒಲೆಯ ಮುಂದೆ ನಲವತ್ತು ನಿಮಿಷದ ಕೆಲಸ.

ಶುರು ಮಾಡುವ ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊ. ಇದು ಪಂದಿ ಕರಿ ಅಲ್ಲ. ನಮ್ಮ ಕೊಡಗಿನ ಅಡುಗೆಯಲ್ಲಿ ಚರ್ಮ, ಕೊಬ್ಬು ಸಮೇತ ತುಂಡು ಮಾಡಿ ಗಂಟೆಗಟ್ಟಲೆ ಬೇಯಿಸುತ್ತೇವೆ. ಬೆಂದಷ್ಟೂ ರುಚಿ ಎನ್ನುವ ಲೆಕ್ಕ ಅಲ್ಲಿ ಸರಿ, ಯಾಕೆಂದರೆ ಭುಜದ, ಹೊಟ್ಟೆಯ ಮಾಂಸದಲ್ಲಿ ನಾರು ಜಾಸ್ತಿ. ಆ ನಾರು ನಿಧಾನವಾಗಿ ಬೆಂದು ಕರಗಿ ಅಂಟಂಟಾದಾಗಲೇ ತುಂಡು ಮೆತ್ತಗಾಗುವುದು. ಚಾಪ್ ಬೆನ್ನಿನ ಮಾಂಸ. ಅದರಲ್ಲಿ ಕರಗುವಂಥ ನಾರೂ ಕಡಿಮೆ, ಒಳಗಿನ ಕೊಬ್ಬೂ ಕಡಿಮೆ. ಅದನ್ನು ಹೆಚ್ಚು ಬೇಯಿಸಿದರೆ ಒಳಗಿನ ನೀರೆಲ್ಲ ಹೊರಗೆ ಬಂದು ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಹೊತ್ತು ಕುದಿಸಿದರೂ ಸರಿಹೋಗುವುದಿಲ್ಲ. ನಮ್ಮ ಕಡೆಯವರು ಚಾಪ್ ಮಾಡಿದಾಗ ಒಣಗಿದಂತಾಗುವುದಕ್ಕೆ ಇದೇ ಕಾರಣ. ಪಂದಿ ಕರಿಯ ಸಮಯವನ್ನು ಇಲ್ಲಿಗೆ ತರಬೇಡ, ಅದರ ಹುಳಿಯನ್ನು ಮಾತ್ರ ತಾ. ಆ ಹುಳಿಯ ವಿಷಯ ಮುಂದೆ ಹೇಳುತ್ತೇನೆ.

ಹಾಗಾದರೆ ಎಷ್ಟು ಬೇಯಿಸಬೇಕು? ಮಾಂಸದ ಮಧ್ಯಭಾಗ 145 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 63 ಸೆಲ್ಸಿಯಸ್ ಮುಟ್ಟಬೇಕು, ಆಮೇಲೆ ಕನಿಷ್ಠ ಮೂರು ನಿಮಿಷ ಹಾಗೇ ಬಿಡಬೇಕು. ಅಮೆರಿಕದ ಕೃಷಿ ಇಲಾಖೆ 2011ರವರೆಗೆ 160 ಡಿಗ್ರಿ ಹೇಳುತ್ತಿತ್ತು, ಆ ವರ್ಷ ಇಡೀ ತುಂಡಿನ ಹಂದಿ ಮಾಂಸಕ್ಕೆ 145ಕ್ಕೆ ಇಳಿಸಿತು. ಆ ಹದಿನೈದು ಡಿಗ್ರಿಯಲ್ಲೇ ರಸಭರಿತ ಚಾಪ್‌ಗೂ ಬೆಂಡಿನಂಥ ಚಾಪ್‌ಗೂ ಇರುವ ವ್ಯತ್ಯಾಸ ಇದೆ. ಮಧ್ಯದಲ್ಲಿ ತುಸು ಗುಲಾಬಿ ಬಣ್ಣ ಉಳಿದರೆ ಹೆದರಬೇಡ. ಆದರೆ ಕೊಚ್ಚಿದ ಮಾಂಸಕ್ಕೆ ಈಗಲೂ 160 ಡಿಗ್ರಿಯೇ ನಿಯಮ, ಕಾಡುಹಂದಿಗೂ ಅಷ್ಟೇ. ಊರಿಗೆ ಬಂದಾಗ ಈ 145ರ ಲೆಕ್ಕ ಹಿಡಿದು ಕೂರಬೇಡ. ಇಲ್ಲಿ ಸಂತೆಯಲ್ಲಿ ಕಡಿದು ಮಾರುವ ಮಾಂಸ ತಪಾಸಣೆ ಆಗಿರುತ್ತದೆ ಎಂದು ನಂಬುವ ಹಾಗಿಲ್ಲ. ಲಾಡಿಹುಳುವಿನ ಭಯ ಇದ್ದೇ ಇದೆ. ಇಲ್ಲಿ ಚೆನ್ನಾಗಿ ಬೇಯಿಸುವುದೇ ಸರಿ.

ಇದಕ್ಕಾಗಿ ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಒಂದು ಬೇಕೇ ಬೇಕು. ಚಾಪ್‌ಗೆ ಮೇಲಿನಿಂದ ಚುಚ್ಚಬೇಡ, ಪಕ್ಕದಿಂದ ಅಡ್ಡಲಾಗಿ ಮಧ್ಯಕ್ಕೆ ಚುಚ್ಚು. ಮೂಳೆಗೆ ತಾಗಿದರೆ ಅಳತೆ ತಪ್ಪುತ್ತದೆ.

ಇನ್ನು ಅಂಗಡಿಯ ಮಾತು. ಮೂಳೆ ಇರುವ ರಿಬ್ ಚಾಪ್ ತಗೊ, ಒಂದರಿಂದ ಒಂದೂಕಾಲು ಇಂಚು ದಪ್ಪದ್ದು, ಎರಡು. ಒಂದೊಂದು ಸುಮಾರು 300 ಗ್ರಾಂ ತೂಗಬೇಕು. ಪ್ಯಾಕೆಟ್ಟಿನಲ್ಲಿ ಸಿಗುವ ಅರ್ಧ ಇಂಚಿನ ತೆಳು ಚಾಪ್ ಅಗ್ಗ, ಆದರೆ ಮೇಲೆ ಕೆಂಪಗಾಗುವಷ್ಟರಲ್ಲಿ ಒಳಗೆ ಬೆಂದು ಮುಗಿದಿರುತ್ತದೆ. ಅದೇ ಸಿಕ್ಕಿದರೆ ಒಂದು ಬದಿಯನ್ನು ಮಾತ್ರ ಕೆಂಪಗೆ ಮಾಡಿ, ಇನ್ನೊಂದು ಬದಿಗೆ ಅರ್ಧ ನಿಮಿಷ ಕೊಟ್ಟು ತೆಗೆದುಬಿಡು. ಲೇಬಲ್ಲಿನ ಸಣ್ಣ ಅಕ್ಷರವನ್ನೂ ಓದು. ಉಪ್ಪುನೀರು ಸೇರಿಸಿದ್ದೇವೆ, ಇಷ್ಟು ಶೇಕಡಾ ದ್ರಾವಣ ಇದೆ ಎಂದು ಬರೆದಿದ್ದರೆ ಅದನ್ನು ಬಿಡು. ಆ ಮಾಂಸ ಬಾಣಲೆಯಲ್ಲಿ ನೀರು ಬಿಡುತ್ತಲೇ ಇರುತ್ತದೆ, ಬಣ್ಣ ಹಿಡಿಯುವುದಿಲ್ಲ. ಬೇರೆ ಸಿಗದೆ ಅದನ್ನೇ ತಂದರೆ ಮತ್ತೆ ಉಪ್ಪು ಹಚ್ಚಬೇಡ.

ಸೇಬಿನಲ್ಲಿ ಹೆಸರು ನೋಡಿಯೇ ಆರಿಸಬೇಕು. ಬಿಸಿಗೆ ಹೋಳು ಹೋಳಾಗಿ ನಿಲ್ಲುವುದು ಬೇಕು. ಗೋಲ್ಡನ್ ಡೆಲಿಷಿಯಸ್, ಜೋನಾಗೋಲ್ಡ್, ಹನಿಕ್ರಿಸ್ಪ್, ಬ್ರೇಬರ್ನ್, ಗ್ರ್ಯಾನಿ ಸ್ಮಿತ್ ಇವೆಲ್ಲ ಆಗುತ್ತವೆ. ನನ್ನನ್ನು ಕೇಳಿದರೆ ಜೋನಾಗೋಲ್ಡ್. ಅದರಲ್ಲಿ ಸಿಹಿ, ಹುಳಿ ಎರಡೂ ಹದವಾಗಿವೆ. ಅಕ್ಟೋಬರ್ ಕೊನೆಗೆ ನಾರ್ದರ್ನ್ ಸ್ಪೈ ಕಣ್ಣಿಗೆ ಬಿದ್ದರೆ ಬಿಡಬೇಡ, ಅಡುಗೆಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಮ್ಯಾಕಿಂಟಾಷ್ ತಿನ್ನಲು ಚೆಂದ, ಬಾಣಲೆಗೆ ಹಾಕಿದರೆ ಐದೇ ನಿಮಿಷದಲ್ಲಿ ಮುದ್ದೆಯಾಗುತ್ತದೆ. ರೆಡ್ ಡೆಲಿಷಿಯಸ್‌ನ ಸಿಪ್ಪೆ ದಪ್ಪ, ರುಚಿ ಸಪ್ಪೆ, ಅದು ಯಾವುದಕ್ಕೂ ಬೇಡ. ಮಧ್ಯಮ ಗಾತ್ರದವು ಎರಡು ಸಾಕು, ಒಟ್ಟು 350 ರಿಂದ 400 ಗ್ರಾಂ. ಸಿಪ್ಪೆ ತೆಗೆಯಬೇಡ, ಹೋಳನ್ನು ಹಿಡಿದಿಡುವುದು ಅದೇ. ಒಂದು ಹಣ್ಣಿಗೆ ಎಂಟು ಹೋಳು. ಇನ್ನೂ ಸಣ್ಣಗೆ ಹೆಚ್ಚಿದರೆ ಕರಗಿಹೋಗುತ್ತದೆ.

ಉಳಿದ ಸಾಮಾನು ಇಷ್ಟು: ದೊಡ್ಡ ಈರುಳ್ಳಿ ಒಂದು, ಬೆಳ್ಳುಳ್ಳಿ ಎರಡು ಎಸಳು, ತಾಜಾ ಸೇಜ್ ಎಲೆ ಆರೆಂಟು (ಇಲ್ಲದಿದ್ದರೆ ಥೈಮ್ ಎಲೆ ಒಂದು ಟೀ ಚಮಚ), ಡಿಜಾನ್ ಸಾಸಿವೆ ಪೇಸ್ಟ್ ಎರಡು ಟೀ ಚಮಚ, ಆಪಲ್ ಸೈಡರ್ ಅರ್ಧ ಕಪ್, ಉಪ್ಪು ಕಡಿಮೆ ಇರುವ ಚಿಕನ್ ಸ್ಟಾಕ್ (ಕೋಳಿ ಬೇಯಿಸಿ ತೆಗೆದ ರಸ) ಅರ್ಧ ಕಪ್, ಬೆಣ್ಣೆ ಎರಡು ಟೇಬಲ್ ಚಮಚ, ಎಣ್ಣೆ ಒಂದು ಟೇಬಲ್ ಚಮಚ. ಕಪ್ ಅಂದರೆ ಅಲ್ಲಿಯ 240 ಮಿಲಿಯದು. ಸೈಡರ್ ಬೇಕಾದ್ದು ತೋಟದ ಅಂಗಡಿಯ ಫ್ರಿಜ್‌ನಲ್ಲಿ ಇರುವ ಸೋಸದ ಕಂದು ರಸ, ಮದ್ಯದ ಹಾರ್ಡ್ ಸೈಡರ್ ಅಲ್ಲ. ಸ್ಟಾಕ್ ಮಾಮೂಲಿಯದ್ದಾದರೆ ಕುದಿದು ಅರ್ಧಕ್ಕೆ ಇಳಿದಾಗ ಉಪ್ಪು ಎರಡರಷ್ಟಾಗಿ ಇಡೀ ಊಟ ಕೆಡುತ್ತದೆ.

ಉಪ್ಪು ಮೊದಲೇ ಹಚ್ಚಿಡು. ಮಾಂಸದ ತೂಕದ ನೂರಕ್ಕೆ ಒಂದು ಭಾಗ ಲೆಕ್ಕ: 600 ಗ್ರಾಂಗೆ 6 ಗ್ರಾಂ, ಪುಡಿ ಉಪ್ಪಾದರೆ ಒಂದು ಮಟ್ಟದ ಟೀ ಚಮಚ. ಕೋಷರ್ ಉಪ್ಪಿನ ಹರಳು ದೊಡ್ಡದು, ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಚಮಚದ ತೂಕ ಬೇರೆ, ತೂಗಿಯೇ ಹಾಕು. ಹಿಂದಿನ ರಾತ್ರಿ ಹಚ್ಚಿ ಮುಚ್ಚದೆ ಫ್ರಿಜ್‌ನಲ್ಲಿಟ್ಟರೆ ಅತ್ಯುತ್ತಮ, ಮೇಲ್ಮೈಯೂ ಒಣಗುತ್ತದೆ. ಕೆಳಗಿನ ಶೆಲ್ಫಿನಲ್ಲಿಡು, ಬೇರೆ ಪದಾರ್ಥದ ಮೇಲೆ ತೊಟ್ಟಿಕ್ಕಬಾರದು. ಸಮಯ ಇಲ್ಲದಿದ್ದರೆ ಮುಕ್ಕಾಲು ಗಂಟೆಯಾದರೂ ಬೇಕು. ಅದೂ ಇಲ್ಲವಾದರೆ ಬಾಣಲೆಗೆ ಹಾಕುವ ಕ್ಷಣದಲ್ಲಿ ಹಚ್ಚು. ಹತ್ತು ಹದಿನೈದು ನಿಮಿಷ ಮೊದಲು ಹಚ್ಚುವುದು ಎಲ್ಲಕ್ಕಿಂತ ಕೆಟ್ಟದ್ದು. ಅಷ್ಟರಲ್ಲಿ ಉಪ್ಪು ನೀರನ್ನು ಹೊರಗೆ ಎಳೆದಿರುತ್ತದೆ, ಅದು ಮತ್ತೆ ಒಳಗೆ ಹೋಗಿರುವುದಿಲ್ಲ. ಒದ್ದೆ ಮಾಂಸ ಹುರಿಯುವುದಿಲ್ಲ, ಹಬೆಯಲ್ಲಿ ಬೇಯುತ್ತದೆ.

ಚಾಪಿನ ಅಂಚಿನಲ್ಲಿ ಬಿಳಿ ಕೊಬ್ಬಿನ ಪಟ್ಟಿ ಇದೆಯಲ್ಲ, ಅದರ ಒಳಗಡೆ ಒಂದು ತೆಳು ಪೊರೆ ಇರುತ್ತದೆ. ಬಿಸಿ ತಾಗಿದಾಗ ಆ ಪೊರೆ ಮಾಂಸಕ್ಕಿಂತ ಬೇಗ ಕುಗ್ಗಿ ಚಾಪ್ ಬಟ್ಟಲಿನಂತೆ ಮಡಚಿಕೊಳ್ಳುತ್ತದೆ, ಆಗ ಮಧ್ಯಭಾಗ ಬಾಣಲೆಗೆ ತಾಗುವುದೇ ಇಲ್ಲ. ಕೊಬ್ಬಿನ ಮೇಲಿಂದ ಪೊರೆ ಕತ್ತರಿಸುವವರೆಗೆ ಎರಡು ಮೂರು ಕಡೆ ಚಾಕು ಹಾಕು. ಆಮೇಲೆ ಟಿಶ್ಯೂ ಪೇಪರ್‌ನಿಂದ ಎರಡೂ ಬದಿ ಒತ್ತಿ ಒರೆಸು. ಕರಿಮೆಣಸಿನ ಪುಡಿ ಈಗ ಬೇಡ, ಕರಟಿ ಕಹಿಯಾಗುತ್ತದೆ.

ಎರಕದ ಕಬ್ಬಿಣದ ಬಾಣಲೆ, ಹತ್ತು ಅಥವಾ ಹನ್ನೆರಡು ಇಂಚಿನದು. ಕಬ್ಬಿಣ ನಿಧಾನವಾಗಿ, ಅಲ್ಲಲ್ಲಿ ಹೆಚ್ಚು ಕಡಿಮೆ ಕಾಯುತ್ತದೆ, ಮಧ್ಯಮ ಉರಿಯಲ್ಲಿ ಐದು ನಿಮಿಷ ಕಾಯಲು ಬಿಡು. ಎಕ್ಸಾಸ್ಟ್ ಫ್ಯಾನ್ ಹಾಕಿ ಕಿಟಕಿ ತೆರೆ, ಇಲ್ಲದಿದ್ದರೆ ಹೊಗೆಯ ಅಲಾರಂ ಕೂಗುತ್ತದೆ. ಎಣ್ಣೆ ಹಾಕು. ಅದು ಮಿನುಗಿ ಹರಿಯತೊಡಗಿದಾಗ ಚಿಮಟದಲ್ಲಿ ಎರಡೂ ಚಾಪ್‌ಗಳನ್ನು ಕೊಬ್ಬಿನ ಅಂಚಿನ ಮೇಲೆ ನಿಲ್ಲಿಸಿ ಎರಡು ಮೂರು ನಿಮಿಷ ಹಿಡಿ. ಕೊಬ್ಬು ಕರಗಿ ಹೊಂಬಣ್ಣಕ್ಕೆ ಬರಲಿ, ಹಾಗೆ ಮಾಡದಿದ್ದರೆ ತಟ್ಟೆಯಲ್ಲಿ ಅದು ರಬ್ಬರ್. ಆಮೇಲೆ ಮಲಗಿಸಿ ಮೂರು ನಿಮಿಷ ಮುಟ್ಟದೆ ಬಿಡು. ತಿರುಗಿಸಲು ಹೋದಾಗ ಅಂಟಿಕೊಂಡಿದ್ದರೆ ಎಳೆಯಬೇಡ, ಬಣ್ಣ ಬಂದ ಮೇಲೆ ತಾನೇ ಬಿಡುತ್ತದೆ. ಇನ್ನೊಂದು ಬದಿಗೆ ಒಂದೂವರೆ ಎರಡು ನಿಮಿಷ. ಒಳಗೆ 125 ಡಿಗ್ರಿ ಫ್ಯಾರನ್‌ಹೀಟ್ (52 ಸೆಲ್ಸಿಯಸ್) ಆದಾಗ ತೆಗೆದು ಬೇರೆ ತಟ್ಟೆಗೆ ಹಾಕು. ಹಸಿ ಮಾಂಸ ಇದ್ದ ತಟ್ಟೆ ಬೇಡ. ಇದು ಪೂರ್ತಿ ಬೆಂದಿಲ್ಲ ಎಂಬುದು ನೆನಪಿರಲಿ. ಇನ್ನುಳಿದದ್ದು ಮುಂದೆ ಇದೇ ಬಾಣಲೆಯಲ್ಲಿ ಮಾಡುವ ಸಾರದಲ್ಲಿ ಬೇಯುತ್ತದೆ, ಆದ್ದರಿಂದ ಮಧ್ಯೆ ಕೆಲಸ ನಿಲ್ಲಿಸಿ ಎತ್ತಿಡಬೇಡ.

ಬಾಣಲೆಯಲ್ಲಿ ಒಂದು ಚಮಚದಷ್ಟು ಕೊಬ್ಬು ಉಳಿಸಿ ಮಿಕ್ಕದ್ದು ಬಗ್ಗಿಸು. ತಳಕ್ಕೆ ಹಿಡಿದ ಕಂದು ಪದರ ಹಾಗೇ ಇರಲಿ, ಸಾರದ ರುಚಿಯೆಲ್ಲ ಅದರಲ್ಲಿದೆ. ಅದು ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಮಾತ್ರ ಒರೆಸಿ ತೆಗೆ. ಒಂದು ಚಮಚ ಬೆಣ್ಣೆ ಹಾಕಿ, ಸೇಬಿನ ಹೋಳುಗಳನ್ನು ಒಂದೇ ಪದರವಾಗಿ ಜೋಡಿಸಿ, ಒಂದೊಂದು ಬದಿಗೆ ಎರಡು ನಿಮಿಷ ಬಿಡು. ಕೈಯಾಡಿಸುತ್ತಾ ಇದ್ದರೆ ಬಣ್ಣ ಬರುವ ಮೊದಲೇ ಮುರಿಯುತ್ತವೆ. ಚಾಕು ಚುಚ್ಚಿದರೆ ಒಳಗೆ ಸ್ವಲ್ಪ ಗಟ್ಟಿ ಇರುವಾಗಲೇ ತೆಗೆದಿಡು.

ಅದೇ ಬಾಣಲೆಗೆ ತೆಳುವಾಗಿ ಉದ್ದಕ್ಕೆ ಹೆಚ್ಚಿದ ಈರುಳ್ಳಿ, ಚಿಟಿಕೆ ಉಪ್ಪು. ಆರು ನಿಮಿಷಕ್ಕೆ ಮೆತ್ತಗಾಗುತ್ತದೆ, ಅದು ಬಿಟ್ಟ ನೀರು ತಳವನ್ನು ಸಡಿಲ ಮಾಡುತ್ತದೆ. ಪಕ್ಕಕ್ಕೆ ಬೇರೆ ಪಲ್ಯ ಮಾಡುವಷ್ಟು ವ್ಯವಧಾನ ಇಲ್ಲದಿದ್ದರೆ ಈಗಲೇ 250 ಗ್ರಾಂ ಎಲೆಕೋಸು ಸೀಳಿ ಹಾಕಿ ಐದು ನಿಮಿಷ ಬಾಡಿಸು. ಬೆಳ್ಳುಳ್ಳಿ, ಸೇಜ್ ಅರ್ಧ ನಿಮಿಷ ಸಾಕು. ಸೈಡರ್ ಮತ್ತು ಸ್ಟಾಕ್ ಹೊಯ್ದು, ಮರದ ಸೌಟಿನಿಂದ ತಳ ಕೆರೆದು, ಜೋರಾಗಿ ಕುದಿಸಿ ಅರ್ಧಕ್ಕೆ ಇಳಿಸು, ಐದಾರು ನಿಮಿಷ. ಸಾಸಿವೆ ಪೇಸ್ಟ್ ಕಲಸು. ಉರಿ ಸಣ್ಣ ಮಾಡಿ ಚಾಪ್‌ಗಳನ್ನೂ ತಟ್ಟೆಯಲ್ಲಿ ಇಳಿದ ರಸವನ್ನೂ ಹಾಕಿ ಮುಚ್ಚು. ಮೂರು ನಾಲ್ಕು ನಿಮಿಷಕ್ಕೆ ಒಮ್ಮೆ ತಿರುಗಿಸಿ ಅಳೆದು ನೋಡು. ರಸ ಈಗ ಬುಳುಬುಳು ಕುದಿಯಬಾರದು. 145 ಮುಟ್ಟಿದ ತಕ್ಷಣ ಚಾಪ್ ಹೊರಗೆ ತೆಗೆದು ಐದು ನಿಮಿಷ ಬಿಡು.

ಆ ಐದು ನಿಮಿಷದಲ್ಲಿ ಸಾರ ಸರಿಮಾಡು. ಒಲೆ ಆರಿಸಿ, ಉಳಿದ ಬೆಣ್ಣೆಯನ್ನು ತಣ್ಣಗಿರುವಾಗಲೇ ಹಾಕಿ ಬಾಣಲೆ ಅಲ್ಲಾಡಿಸು. ಕುದಿಯುವಾಗ ಹಾಕಿದರೆ ಒಡೆದು ಎಣ್ಣೆ ಮೇಲೆ ನಿಲ್ಲುತ್ತದೆ. ದಪ್ಪಗೆ ಕುಟ್ಟಿದ ಕರಿಮೆಣಸು ಅರ್ಧ ಟೀ ಚಮಚ. ಕೊನೆಗೆ ಹುಳಿ. ಸೇಬು, ಸೈಡರ್, ಈರುಳ್ಳಿ ಮೂರೂ ಸಿಹಿ, ಹುಳಿ ಇಲ್ಲದಿದ್ದರೆ ನಾಲ್ಕನೇ ತುತ್ತಿಗೆ ಬೇಸರ ಬರುತ್ತದೆ. ಅಲ್ಲಿಯವರು ಸೈಡರ್ ವಿನೆಗರ್ ಹಾಕುತ್ತಾರೆ, ಎರಡು ಟೀ ಚಮಚ. ನಿನ್ನ ಬಳಿ ಕಾಚಂಪುಳಿ ಇದೆ, ಪಂದಿ ಕರಿಗೆ ಹಾಕುವ ನಮ್ಮ ಕೊಡಗಿನ ಆ ಕಪ್ಪು ಹುಳಿರಸ. ವಿನೆಗರ್ ಬದಲು ಅದನ್ನೇ ಹಾಕು, ಕಾಲು ಟೀ ಚಮಚದಿಂದ ಶುರು ಮಾಡಿ ರುಚಿ ನೋಡುತ್ತಾ ಅರ್ಧದವರೆಗೆ. ಪಂದಿ ಕರಿಗೆ ಹಾಕುವ ಅಳತೆ ಇಲ್ಲಿ ತುಂಬಾ ಹೆಚ್ಚಾಗುತ್ತದೆ, ಸೇಬಿನ ವಾಸನೆ ಮುಚ್ಚಿಹೋಗುತ್ತದೆ. ಕಾಚಂಪುಳಿ ಹಾಕಿದರೆ ಸಾರದ ಬಣ್ಣವೂ ಗಾಢವಾಗುತ್ತದೆ, ಹಂದಿಯ ಕೊಬ್ಬಿಗೆ ಅದು ಹೊಂದುವ ಹಾಗೆ ವಿನೆಗರ್ ಹೊಂದುವುದಿಲ್ಲ. ಸೇಬಿನ ಹೋಳು ಹಾಕಿ ಒಮ್ಮೆ ತಿರುಗಿಸಿ, ಚಾಪ್ ಮೇಲೆ ಹೊಯ್ದು ಬಡಿಸು. ಅಕ್ಕಿ ಒಟ್ಟಿ ಇದ್ದರೆ ಅದರ ಜೊತೆ, ಇಲ್ಲವಾದರೆ ಬ್ರೆಡ್.

ಹುಳಿ ಬಿದ್ದ ಅಡುಗೆಯನ್ನು ಕಬ್ಬಿಣದಲ್ಲಿ ಬಿಡಬೇಡ ಮಗಳೇ. ಉಳಿದದ್ದನ್ನು ಕೂಡಲೇ ಬೇರೆ ಡಬ್ಬಿಗೆ ಹಾಕು, ಇಲ್ಲದಿದ್ದರೆ ಬಾಣಲೆಯ ಎಣ್ಣೆಪದರ ಏಳುತ್ತದೆ, ಸಾರಕ್ಕೆ ಕಬ್ಬಿಣದ ರುಚಿ ಹತ್ತುತ್ತದೆ. ಬಿಸಿನೀರಿನಲ್ಲಿ ತೊಳೆದು, ಒಲೆಯ ಮೇಲೆ ಒಣಗಿಸಿ, ತೆಳುವಾಗಿ ಎಣ್ಣೆ ಒರೆಸಿಡು.

ಸೇಬು ಬಿಟ್ಟು ಬೇರೆ ಹಣ್ಣೂ ಆಗುತ್ತದೆ. ಪೇರ್ ಹಣ್ಣಿನಲ್ಲಿ ಬಾಸ್ಕ್ ಜಾತಿ ಗಟ್ಟಿಯಾಗಿ ನಿಲ್ಲುತ್ತದೆ, ಅದನ್ನೂ ಪೂರ್ತಿ ಮಾಗುವ ಮೊದಲೇ ಹಾಕು. ಬೀಜವಿಲ್ಲದ ಕಪ್ಪು ದ್ರಾಕ್ಷಿ ಒಂದು ಕಪ್ ಇಡಿಯಾಗಿ ಹಾಕಿದರೆ ಕೆಲವು ಒಡೆದು ರಸವಾಗುತ್ತವೆ, ಕೆಲವು ಹಾಗೇ ಉಳಿಯುತ್ತವೆ, ಬಹಳ ರುಚಿ. ಸೆಪ್ಟೆಂಬರ್‌ನಲ್ಲಿ ಸಿಗುವ ಉದ್ದನೆಯ ಪ್ಲಮ್‌ಗೆ ಹುಳಿ ಮೊದಲೇ ಇದೆ, ಕಾಚಂಪುಳಿ ಎರಡು ತೊಟ್ಟು ಸಾಕು. ಕ್ವಿನ್ಸ್ ಮಾತ್ರ ಈ ಬಾಣಲೆಗೆ ಬೇಡ, ಅದು ಮೆತ್ತಗಾಗಲು ಗಂಟೆ ಬೇಕು.

ಉಳಿದ ಚಾಪ್ ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಇಡಿಯಾಗಿ ಮೈಕ್ರೋವೇವ್‌ಗೆ ಹಾಕಿದರೆ ಇಷ್ಟು ಹೊತ್ತು ಕಾಪಾಡಿದ ರಸ ಹೋಗುತ್ತದೆ. ತೆಳುವಾಗಿ ಸೀಳಿ, ಸಾರವನ್ನು ಮೊದಲು ಕುದಿಸಿಕೊಂಡು, ಮಾಂಸವನ್ನು ಅದರಲ್ಲಿ ಹಬೆಯಾಡುವಷ್ಟು ಬಿಸಿ ಮಾಡಿ ಇಳಿಸು.

ಪ್ರೀತಿಯಿಂದ,
ಅಮ್ಮ